ಗುರುಪಾದಪ್ಪ ಕಾಕಾನ ಹಿತ್ತಲು

ಮೊನ್ನೆ ರವಿವಾರ ಗಬ್ಬೂರ ಬೈಪಾಸಿನ ಹತ್ತಿರ ನನ್ನ ಸ್ಕೂಟರ್ ತಾನಾಗಿಯೇ ನಿಂತಿತು. ಪೆಟ್ರೋಲು ಮುಗಿದಿರಲಿಲ್ಲ, ಮೂಗು ಬ್ರೇಕು ಹಾಕಿತ್ತು. ರಸ್ತೆಯ ಬದಿಗೆ ಒಬ್ಬಾಕೆ ಕುಳ್ಳು-ಬೆರಣಿಯ ಕೆಂಡದಲ್ಲಿ ಜೋಳದ ಎಳೆತೆನೆ ಸುಡುತ್ತಿದ್ದಳು. ಹಾಲುಗಾಳಿನ ತೆನೆಯನ್ನು ಸುಟ್ಟು, ಬಿಸಿ ಆರುವ ಮೊದಲೇ ತಿಕ್ಕಿ ಕಾಳು ಉದುರಿಸಿದರೆ ಅದೇ ಸೀತನಿ. ನೀವು ಈ ಸೀಮೆಯವರಾದರೆ ಇದನ್ನು ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಹೇಳಿ ಉಪಯೋಗವಿಲ್ಲ, ತಿಂದೇ ನೋಡಬೇಕು. ನಾನು ಹೆಲ್ಮೆಟ್ ತೆಗೆದು, ಆಕೆ ಕೈ ತೊಳೆದಿದ್ದಾಳೋ ಇಲ್ಲವೋ, ಧೂಳು ಬಿದ್ದಿದೆಯೋ ಏನೋ, ಈ ವಯಸ್ಸಿನಲ್ಲಿ ಹೊಟ್ಟೆ ತಡೆದೀತೋ ಇಲ್ಲವೋ ಎಂದು ಯೋಚಿಸುತ್ತ ನಿಂತಿರುವಷ್ಟರಲ್ಲಿ, ಹಿಂದಿನಿಂದ ಬಂದವನೊಬ್ಬ ಇದ್ದದ್ದನ್ನೆಲ್ಲ ಕಟ್ಟಿಸಿಕೊಂಡು ಹೋದ.

“ಮುಗೀತ್ರಿ ಸರ್, ನಾಳೆ ಬರ್ರಿ,” ಅಂದಳು ಆಕೆ.

ನನ್ನ ಬದುಕಿನಲ್ಲಿ ಬಹಳಷ್ಟು ಸಂಗತಿಗಳು ಮುಗಿದದ್ದು ಹೀಗೆಯೇ. ಬರಿಗೈಯಲ್ಲಿ ಮನೆಯ ಕಡೆ ಹೊರಟೆ. ದಾರಿಯುದ್ದಕ್ಕೂ ಗುರುಪಾದಪ್ಪ ಕಾಕಾ ಜೊತೆಗೆ ಬಂದಂತಾಯಿತು.

ಕಾಕಾ ಅಂದರೆ ನಮ್ಮ ಬಳಗದವರೇನಲ್ಲ. ಧಾರವಾಡದ ಸಪ್ತಾಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು. ಒಂದೇ ಸಾಲಿನಲ್ಲಿ ನಾಲ್ಕು ಮನೆ, ಹಿಂದೆ ಎಲ್ಲರಿಗೂ ಸೇರಿ ಒಂದು ದೊಡ್ಡ ಹಿತ್ತಲು. ಮೊದಲನೆಯ ಮನೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ನೀಲವ್ವ ಕಾಕು. ಎರಡನೆಯದರಲ್ಲಿ ಟೇಲರ್ ಒಬ್ಬರು ಮತ್ತು ಅವರ ಹೆಂಡತಿ ಜುಬೇದಾ ಆಪಾ. ಮೂರನೆಯದರಲ್ಲಿ ಯುನಿವರ್ಸಿಟಿಯಲ್ಲಿ ಓದುವ ಹುಡುಗರು. ಕೊನೆಯದರಲ್ಲಿ ನಾನು, ನನ್ನ ಹೆಂಡತಿ ವಿಮಲಾ ಮತ್ತು ನನ್ನ ಚಿಂತೆ.

ಬಾಡಿಗೆ ಮನೆಯಲ್ಲಿ ಹೇಗಿರಬೇಕು ಎಂಬುದಕ್ಕೆ ನನ್ನದೇ ಒಂದು ಶಾಸ್ತ್ರವಿತ್ತು. ಮಾಲೀಕರ ಸಲಿಗೆ ಬೇಡ, ನೆರೆಯವರ ಜೊತೆ ಮಾತು ಬೇಡ, ಬಾಗಿಲು ಸದಾ ಹಾಕಿರಲಿ. ಪಾಪ, ಬಾಗಲಕೋಟೆ ಕಡೆಯಿಂದ ಬಂದ ಹುಡುಗಿ ವಿಮಲಾ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಆಕೆಗೆ ಮಾತಾಡಲು ಇದ್ದವನು ನಾನೊಬ್ಬ. ನಾನೋ, ಚಿಂತೆ ಬಿಟ್ಟು ಬೇರೆ ವಿಷಯ ಮಾತಾಡಿದವನೇ ಅಲ್ಲ.

ಆಗ ಚಿಂತೆಗೆ ಕಾರಣವೂ ಇತ್ತೆನ್ನಿ. ವಿಮಲಾಗೆ ಏಳು ತಿಂಗಳಾಗಿತ್ತು. ಹಿಂದೊಮ್ಮೆ ನಿಂತ ಬಸಿರು ಉಳಿದಿರಲಿಲ್ಲ. ಡಾಕ್ಟರು ದೂರ ಪ್ರಯಾಣ ಬೇಡ ಅಂದಿದ್ದರು. ಆಕೆಯ ತಾಯಿ ತೀರಿಹೋಗಿ ವರ್ಷಗಳಾಗಿದ್ದವು. ನನ್ನ ತಾಯಿ ಊರಲ್ಲಿ ಹಾಸಿಗೆ ಹಿಡಿದಿದ್ದಳು. ನನ್ನ ಆಫೀಸು ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಆ ಹೊತ್ತು ಬಂದಾಗ ಆಕೆಯ ಹತ್ತಿರ ಯಾರಿರುತ್ತಾರೆ? ಬಸ್ಸಿನ ಕಿಟಕಿಗೆ ತಲೆಯಾನಿಸಿ ದಿನಾ ಇದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಯಾರನ್ನಾದರೂ ಕೇಳಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

ಅಂಥ ಚಳಿಗಾಲದ ಒಂದು ಮುಂಜಾನೆ ಕಾಕಾ ನಮ್ಮ ಬಾಗಿಲು ತಟ್ಟಿದರು. “ತಮ್ಮಾ, ಬರೂ ರವಿವಾರ ಸಂಜಿಮುಂದ ಇಬ್ಬರೂ ಹಿತ್ತಲಕ್ಕ ಬರ್ರಿ. ಎಲ್ಲಾರಿಗೂ ಹೇಳೇನಿ. ತಪ್ಪಸಬ್ಯಾಡ್ರಿ.” ಅಷ್ಟು ಹೇಳಿ ಟೊಪ್ಪಿಗೆ ಸರಿಮಾಡಿಕೊಂಡು ಹೋಗಿಯೇಬಿಟ್ಟರು.

ಮಾಲೀಕರಾದವರು ಬಾಡಿಗೆದಾರರನ್ನೆಲ್ಲ ಒಟ್ಟಿಗೆ ಯಾಕೆ ಕರೆಯುತ್ತಾರೆ, ನೀವೇ ಹೇಳಿ. ನನಗೆ ಹೊಳೆದದ್ದು ಒಂದೇ: ಮನೆ ಖಾಲಿ ಮಾಡಿಸಲಿಕ್ಕೆ. ಕೆಡವಿ ದೊಡ್ಡ ಬಿಲ್ಡಿಂಗ್ ಕಟ್ಟುತ್ತಾರೆ. ಏಳು ತಿಂಗಳ ಹೆಂಡತಿಯನ್ನು ಕರೆದುಕೊಂಡು ನಾನು ಎಲ್ಲಿಗೆ ಹೋಗಲಿ? ರವಿವಾರದ ಹೊತ್ತಿಗೆ ನಾನು ಒಂದು ವಿನಂತಿಯ ಮಾತನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

ಹಿತ್ತಲಲ್ಲಿ ನೋಡಿದರೆ, ಸಣ್ಣ ತಗ್ಗಿನಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಕಾಕಾ ತಮ್ಮ ಹೊಲದಿಂದ ಹಸಿ ತೆನೆಯ ಹೊರೆಯನ್ನೇ ತರಿಸಿದ್ದರು. ಕಾಕು ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು ಇಟ್ಟುಕೊಂಡು ಕೂತಿದ್ದರು. ಸುತ್ತ ಜಮಖಾನೆ. ಅಲ್ಲಿ ಕಾಕಾನದೊಂದು ಕಾಯ್ದೆಯಿತ್ತು: “ತಾ ತಿಕ್ಕಿದ್ದು ತಾ ತಿನ್ನೂ ಹಂಗಿಲ್ಲ. ಬಾಜೂದವರ ಕೈಯಾಗ ಹಾಕ್ರಿ. ನಿಮಗ ಬೇಕಂದ್ರ ಅವರ ಕಡೆ ಕೈ ಚಾಚ್ರಿ.”

ಸುಡುವ ತೆನೆ ತಿಕ್ಕಿ ನನ್ನ ಅಂಗೈ ಕೆಂಪಾಯಿತು. ನಾನು ಉದುರಿಸಿದ್ದರಲ್ಲಿ ಕಾಳಿಗಿಂತ ಹೊಟ್ಟು ಹೆಚ್ಚು. ಪಕ್ಕದ ಹುಡುಗ ಮರ್ಯಾದೆಗೆ ಅದನ್ನೇ ಅಗಿದ. ಆಚೆ ಬದಿಯಲ್ಲಿ ಜುಬೇದಾ ಆಪಾ ತಿಕ್ಕಿ, ಊದಿ, ಹಸಿರು ಕಾಳನ್ನು ವಿಮಲಾಳ ಬೊಗಸೆಗೆ ಸುರಿಯುತ್ತಿದ್ದರು. “ತಿನ್ನವಾ, ಇಬ್ಬರ ಪಾಲು ತಿನ್ನಬೇಕು ನೀ.”

ನಾನು ಮಾತ್ರ ಕಾಕಾನ ಬಾಯನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ. ಕಾಕಾ ಹೇಳಿದ್ದೆಲ್ಲ ಹೊಲದ ಹಕ್ಕಿಗಳ ಕಥೆ. ಕೊನೆಗೆ ನನಗೇ ತಡೆಯಲಾಗಲಿಲ್ಲ. ನಡುವೆ ಎದ್ದು ನಿಂತುಬಿಟ್ಟೆ.

“ಕಾಕಾ, ಹೆರಿಗಿ ಆಗೂತನಕಾ ಅಷ್ಟ ಟೈಮ್ ಕೊಡ್ರಿ. ಆಮ್ಯಾಲ ನಾವ ಬಿಟ್ಟ ಹೋಗ್ತೀವಿ.”

“ಯಾತರ ಟೈಮೋ?”

“ಮನಿ ಖಾಲಿ ಮಾಡಾಕರಿ.”

ಕಾಕಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಮನಿ ಖಾಲಿ ಮಾಡಸೂ ಮಂದಿಗೆ ಯಾರರ ಸೀತನಿ ತಿನಸ್ತಾರೇನೋ ಹುಚ್ಚಪ್ಪಾ?”

ನಗು ಹೇಗೆ ಎದ್ದಿತೆಂದರೆ, ಹುಡುಗರಲ್ಲಿ ಒಬ್ಬನಿಗೆ ಕಾಳು ನೆತ್ತಿಗೇರಿ ಕೆಮ್ಮು ಬಂತು. ನಾನು ಕೂತುಬಿಟ್ಟೆ. ಕಾಕು ಮಾತ್ರ ನಗಲಿಲ್ಲ. ವಿಮಲಾಳ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಹೆರಿಗಿಗೆ ಯಾರ ಬರ್ತಾರವಾ?”

ಉತ್ತರ ಕೊಡಲು ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಅಷ್ಟು ತಿಂಗಳು ಬಾಗಿಲ ಹಿಂದೆ ಸುಮ್ಮನಿದ್ದವಳು ತಾನೇ ಹೇಳಿದಳು: “ಯಾರೂ ಇಲ್ಲರಿ ಕಾಕು.”

ಆ ಮಾತನ್ನು ಆಕೆ ನನ್ನ ಮುಂದೆ ಒಮ್ಮೆಯೂ ಆಡಿರಲಿಲ್ಲ. ನಾನು ಹೆದರುತ್ತೇನೆಂದು ಆಡಿರಲಿಲ್ಲ.

“ಯಾರೂ ಇಲ್ಲ ಅಂದ್ರ?” ಜುಬೇದಾ ಆಪಾ ಕೈಯಲ್ಲಿದ್ದ ತೆನೆಯನ್ನು ಅಲ್ಲೇ ಇಟ್ಟರು. “ನಾವೇನ ಗ್ವಾಡಿಗೆ ಬರದ ಚಿತ್ರ ಏನು?”

“ನಾಳಿಂದ ಮಧ್ಯಾಹ್ನದಾಗ ಚಿಲಕಾ ಹಾಕ್ಕೋಬ್ಯಾಡ,” ಅಂದರು ಕಾಕು. “ನಾ ಬಂದ ಹೋಗಿ ಮಾಡ್ತೇನಿ.”

ಅಷ್ಟೇ. ನನ್ನ ಬಸ್ಸಿನ ಕಿಟಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ನೋವು ಶುರುವಾದದ್ದು, ನಾನು ನಿರೀಕ್ಷಿಸಿದಂತೆಯೇ, ನಾನು ಆಫೀಸಿನಲ್ಲಿದ್ದಾಗ. ಫೋನು ಬಂತು. ಧಾರವಾಡದ ಆಸ್ಪತ್ರೆಗೆ ಓಡಿ ಬಂದು ನೋಡಿದರೆ ಕಾಕಾ ಬಾಗಿಲಲ್ಲಿ ಆಟೋದವನ ಜೊತೆ ಹರಟೆ ಹೊಡೆಯುತ್ತಿದ್ದರು. ಒಳಗೆ ಕಾಕು, “ಹುಡುಗಿ ಆಗ್ಯಾಳ. ತಾಯಿ ಮಗಳು ಇಬ್ಬರೂ ಛಲೋ ಅದಾರ. ನೀ ಮೊದಲ ನೀರ ಕುಡಿ,” ಅಂದರು. ಜುಬೇದಾ ಆಪಾ ಕೂಸನ್ನು ಬೆಳಕಿಗೆ ಹಿಡಿದು, “ಪುಣ್ಯಾಕ ಅಪ್ಪನ್ನ ಹೋಲಿಲ್ಲ ಬಿಡ್ರಿ ಅಣ್ಣಾರ, ಹಣಿ ಮ್ಯಾಲ ಒಂದೂ ಗೆರಿ ಇಲ್ಲ,” ಅಂದರು. ನಗಬೇಕೆಂದು ಹೊರಟವನು ಅತ್ತುಬಿಟ್ಟೆ.

ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಚಳಿಗಾಲಕ್ಕೆ ಹಿತ್ತಲಿಗೆ ಕರೆ ಬರುತ್ತಿತ್ತು. ಪ್ರತಿವರ್ಷ ಹೀಗೆ ಯಾಕೆ ಕರೆಯುತ್ತೀರಿ ಎಂದು ಒಮ್ಮೆ ಕಾಕಾನನ್ನೇ ಕೇಳಿದೆ. “ಒಂದ ಗ್ವಾಡಿಗೆ ಬೆನ್ನ ಹಚ್ಚಿ ಮಲಗ್ತೀವಿ. ಆಚೀಕ ಕೆಮ್ಮಾವ್ರು ಯಾರು ಅಂತರ ಗೊತ್ತಿರಬೇಕಲ್ಲೋ?” ಅಂದರು. ಕಾಕಾ ಈಗಿಲ್ಲ. ಅವರಿಗೆ ಸರಿಯಾಗಿ ಒಂದು ಮಾತು ಹೇಳಬೇಕಿತ್ತು ಎಂದು ಆಗಾಗ ಅನ್ನಿಸುತ್ತದೆ. ಹೇಳಿದ್ದರೆ ಬೈಯುತ್ತಿದ್ದರು ಎಂದೂ ಅನ್ನಿಸುತ್ತದೆ.

ಈಗ ಬೈರಿದೇವರಕೊಪ್ಪದಲ್ಲಿ ನನಗೇ ಸ್ವಂತ ಮನೆಯಿದೆ. ಮೇಲಿನ ಮನೆಯಲ್ಲಿ ರೇಖಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಖಾಸಗಿ ಶಾಲೆಯಲ್ಲಿ ಟೀಚರ್, ಒಬ್ಬಳೇ. ಆಕೆಗೂ ನನಗೂ ಇರುವ ಸಂಬಂಧವೆಂದರೆ ಮೊಬೈಲಿನಲ್ಲಿ ನಾನು ಕಳಿಸುವ ಸಂದೇಶಗಳು: ಮೋಟರ್ ಬಂದ್ ಮಾಡಿ, ಗೇಟು ಹಾಕಿ. ಮನೆ ಮುಟ್ಟುವಷ್ಟರಲ್ಲಿ ನನಗೆ ನಾಚಿಕೆಯಾಗಿತ್ತು. ಹೆಲ್ಮೆಟ್ಟನ್ನೂ ತೆಗೆಯದೆ ವಿಮಲಾಗೆ ಹೇಳಿದೆ: “ಆ ಮ್ಯಾಲಿನ ಹುಡುಗೀನ ಒಮ್ಮೆ ಕರೀಬೇಕು. ಪಾಪ, ಒಬ್ಬಾಕೀನ ಇರ್ತಾಳ.”

ವಿಮಲಾ ಡಬ್ಬಿಗೆ ಅವಲಕ್ಕಿ ತುಂಬುತ್ತಿದ್ದಳು. ತಲೆಯೆತ್ತಲಿಲ್ಲ. “ಈಗ ನೆನಪಾತೇನು? ಹೋದ ಮಳಿಗಾಲದಾಗ ಆಕಿಗೆ ಡೆಂಗಿ ಆದಾಗ ಗಂಜಿ ಯಾರ ಮನ್ಯಾಂದ ಹೋತು ಅನ್ಕೊಂಡೀರಿ? ರವಿವಾರಕ್ಕೊಮ್ಮೆ ಮ್ಯಾಲೆ ಕೂಡ್ತೀವಿ. ಓಣ್ಯಾಗ ಬಾಡಿಗಿಗೆ ಇದ್ದವರೆಲ್ಲಾ ಬರ್ತಾರ.”

“ನನ್ನನ್ನ್ಯಾಕ ಕರೀಲಿಲ್ಲ?”

“ನೀವು ಮಾಲಕರು. ನೀವ ಬಂದ್ರ ಎಲ್ಲಾರೂ ಎದ್ದ ನಿಂದರ್ತಾರ.” ಡಬ್ಬಿ ಹಿಡಿದು ಹೊರಟೇಹೋದಳು.

ಹೆಲ್ಮೆಟ್ ತೆಗೆದು ಅಡುಗೆಮನೆಯಲ್ಲೇ ಇಟ್ಟೆ. ಮೇಲಿನಿಂದ ನಗು ಕೇಳಿಸುತ್ತಿತ್ತು. ನೀರಿನ ಟಾಕಿ ನೋಡಲಿಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಹತ್ತದ ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಮಾತು ನಿಂತಿತು. ರೇಖಾ ಗಡಬಡಿಸಿ ಎದ್ದಳು.

“ಸರ್, ಮೋಟರ್ ಬಂದ್ ಮಾಡೇನ್ರಿ!”

“ಮೋಟರ್ ಇರಲಿ ಬಿಡವಾ,” ಅಂದೆ. “ನಾನೂ ಒಂದೀಟು ಕೂಡ್ರಲೇನು?”

ಆಕೆ ನನ್ನನ್ನು ನೋಡಲಿಲ್ಲ. ವಿಮಲಾಳ ಮುಖ ನೋಡಿದಳು. ವಿಮಲಾ ಚಾಪೆಯ ಮೇಲೆ ತುಸು ಸರಿದು ಜಾಗ ಮಾಡಿದಳು.