ಆಯಿಯನ್ನು ಹೊಲಕ್ಕೆ ಒಯ್ದ ಮೂರು ಗಾಲಿ

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ನನ್ನನ್ನು ಹೊಗಳಿದ್ದು ಒಂದೇ ಒಂದು ಸಲ. ಅವತ್ತು ಅವಳ ಕಣ್ಣಿಗೆ ಹನಿ ಔಷಧ ಹಾಕಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ಪಕ್ಕದ ಮನೆಯ ಹುಡುಗ ಅಂದುಕೊಂಡು, "ಭಾಳ ಚೊಲೋ ಹುಡುಗ ಅದಿ ನೋಡಪಾ, ನಮ್ಮಂವನಂಗಲ್ಲ" ಅಂದಿದ್ದಳು. ಔಷಧ ಇಳಿದ ಮೇಲೆ ಹೊಗಳಿಕೆಯೂ ಇಳಿಯಿತು. ಅಂಥ ಆಯಿಯನ್ನು ಎಳ್ಳ ಅಮಾವಾಸ್ಯೆಯ ದಿನ ದೇವಾಪುರದ ಹೊಲಕ್ಕೆ ಮುಟ್ಟಿಸುತ್ತೇನೆ ಎಂದು, ಇಡೀ ಮನೆಯ ಎದುರಿಗೆ, ಬಾಯಿ ತುಂಬ ರೊಟ್ಟಿ ತುಂಬಿಕೊಂಡು ಮಾತು ಕೊಟ್ಟ ಶೂರ ನಾನು.

ಎಳ್ಳ ಅಮಾವಾಸ್ಯೆ ದಿನ ನಮ್ಮ ಕಡೆ ಊರೆಲ್ಲ ಖಾಲಿ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಅಂಬಲಿ ಎಲ್ಲ ಕಟ್ಟಿಕೊಂಡು ಮಂದಿ ಹೊಲಕ್ಕೆ ಹೋಗುತ್ತಾರೆ. ಊಟಕ್ಕೆ ಮೊದಲು ಆ ಅಡಿಗೆಯನ್ನೇ ಕಲಸಿ ಬೆಳೆಯ ಮೇಲೆ ಚೆಲ್ಲಬೇಕು. ಅದಕ್ಕೆ ಚರಗ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಮೊದಲನೆಯ ಹಿಡಿ ಹಿರಿಯ ಹೆಣ್ಣುಮಗಳದ್ದು, ಅಂದರೆ ಆಯಿಯದ್ದು. ಹಿಂದಿನ ವರ್ಷ ಆಯಿಯ ಮೊಣಕಾಲು ಮುಷ್ಕರ ಹೂಡಿದ್ದರಿಂದ ಸುರಪುರದ ಮನೆಯಲ್ಲೇ ಉಳಿದಳು. ಮೊದಲ ಹಿಡಿ ಚೆಲ್ಲಿದ್ದು ದೊಡ್ಡವ್ವ. ದೊಡ್ಡವ್ವ ಎಡಚಿ.

ಮುಂದೆ ಆ ವರ್ಷ ಏನು ಕೆಟ್ಟರೂ ಆಯಿಯ ಹತ್ತಿರ ಕಾರಣ ತಯಾರಿತ್ತು. ಹತ್ತಿಗೆ ಹುಳ ಬಿತ್ತು. "ಚರಗ ಎಡಗೈಲೆ ಚೆಲ್ಲಿದ್ರ ಇನ್ನೇನಾಗ್ತದ." ಎಮ್ಮೆ ಒದೆಯಿತು. "ಎಡಗೈ." ಟಿ.ವಿ. ಕೆಟ್ಟಿತು. ಆಯಿ ದೊಡ್ಡವ್ವನ ಕೈಯನ್ನೇ ನೋಡಿದಳು. ದೊಡ್ಡವ್ವ ಅದಕ್ಕೆ ಉತ್ತರವೆಂಬಂತೆ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು.

ಈ ವರ್ಷ ಹಬ್ಬಕ್ಕೆ ಇನ್ನೂ ಮೂರು ತಿಂಗಳಿರುವಾಗಲೇ ಆಯಿ ಊಟದ ನಡುವೆ ತಣ್ಣಗೆ ಹೇಳಿದಳು: "ನನ್ನ ಹೊಲಕ್ಕ ನೀವ ಒಂದಿನ ಒಯ್ಯೋರ ಇದ್ದೀರಿ, ನನಗ ಗೊತ್ತದ. ಅವತ್ತೂ ಕುಂಡ್ರಿಸೇ ಒಯ್ತೀರಿ. ಖರೆ ಅವತ್ತು ನನಗ ಚರಗ ಚೆಲ್ಲಾಕ ಬರೂದಿಲ್ಲ."

ನಮ್ಮಲ್ಲಿ ಸತ್ತವರನ್ನು ಕೂರಿಸಿಕೊಂಡೇ ಒಯ್ದು ಸ್ವಂತ ಹೊಲದಲ್ಲಿ ಹೂಳುತ್ತಾರೆ. ಅಪ್ಪ ಅಂಬಲಿ ಬಟ್ಟಲು ಕೆಳಗಿಟ್ಟ. ಕಾಕಾ ಕೆಮ್ಮಿದ. ಎತ್ತಿನ ಬಂಡಿ ಮಾರಿ ಬಹಳ ದಿನವಾಗಿತ್ತು. ಟ್ರ್ಯಾಕ್ಟರ್ ಟ್ರೇಲಿ ಏರಲು ಆಯಿಗೆ ಆಗುವುದಿಲ್ಲ. ಮೋಟಾರ್‌ಸೈಕಲ್ ಮೇಲೆ ಕೂರುವುದಿಲ್ಲ. ಕಾರು ಕಾಲುವೆ ತನಕ ಹೋಗುತ್ತದೆ, ಅಲ್ಲಿಂದ ಮುಂದೆ ಎರೆ ಮಣ್ಣಿನ ದಾರಿ. ಎಲ್ಲರೂ ಸುಮ್ಮನಿದ್ದಾಗ ಸುಮ್ಮನಿರುವ ಬುದ್ಧಿ ದೇವರು ನನಗೆ ಕೊಟ್ಟಿಲ್ಲ.

"ನಾ ಒಯ್ತೀನಿ ಆಯಿ. ಮೂರು ಗಾಲಿ ಗಾಡಿ ತಯಾರ್ ಮಾಡ್ತೀನಿ. ಹೊಲದಾಗ ಓಡೂವಂಥಾದ್ದು."

"ನೀ ಮೊದಲ ಎರಡು ಕಾಲ ಮ್ಯಾಲ ನೆಟ್ಟಗ ನಡಿ" ಅಂದಳು ಆಯಿ. ಆದರೂ ಅವತ್ತಿನಿಂದ ದಿನಾ ಗಾಡಿ ಎಲ್ಲಿಗೆ ಬಂತೆಂದು ಕೇಳತೊಡಗಿದಳು.

ಆ ವಿಚಾರ ನನ್ನದಲ್ಲ, ಮೊಬೈಲಿನದು. ಯಾವುದೋ ದೇಶದವರು ದಪ್ಪ ಗಾಲಿಗಳ ಮೂರು ಚಕ್ರದ ಗಾಡಿಯನ್ನು ಮರಳಿನ ದಿಬ್ಬದ ಮೇಲೆ ಹಾರಿಸುವುದನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಅವರಿಗೆ ಮರಳು, ನಮಗೆ ಎರೆ. ಅವರಿಗೆ ಹೆಲ್ಮೆಟ್ಟು, ನಮಗೆ ಆಯಿ. ಉಳಿದದ್ದೆಲ್ಲ ಒಂದೇ ಅಂದುಕೊಂಡೆ.

ನನ್ನ ಕಿಸೆಗೆ ತಕ್ಕ ಗಾಡಿ ಸಿಕ್ಕಿದ್ದು ದೋರನಹಳ್ಳಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಹಿಂದೆ. ಹಳೆಯ ಡೀಸೆಲ್ ಟಂಟಂ, ಮೂರು ಗಾಲಿಯದು, ಹಿಂದೆ ಸಾಮಾನು ಹೇರುವಂಥದ್ದು. ನೆಲದಿಂದ ಎತ್ತರ ಕಡಿಮೆ, ಆಯಿ ಏರಲು ಸಲೀಸು. ಅದರ ನಡುವಿನಿಂದ ಒಂದು ಜಾಲಿ ಗಿಡ ಬೆಳೆದು ಟಾಪಿನಿಂದ ಹೊರಗೆ ಇಣುಕುತ್ತಿತ್ತು.

"ಇಂಜಿನ್ ಹೆಂಗದರಿ?" ಕೇಳಿದೆ.

"ಇಂಜಿನ್ ಫಸ್ಟ್ ಕ್ಲಾಸ್ ಅದ" ಅಂದ ಗಿರಣಿಯವನು.

"ಚಾಲೂ ಆಗ್ತದೇನ್ರಿ?"

"ಅದೊಂದು ಬಿಟ್ಟು ಉಳದದ್ದೆಲ್ಲಾ ಫಸ್ಟ್ ಕ್ಲಾಸ್."

ಅವತ್ತೇ ತರಲಿಕ್ಕೂ ಆಗಲಿಲ್ಲ. ಡ್ರೈವರ್ ಸೀಟಿನ ಕೆಳಗೆ ಅವನ ಕೋಳಿ ಕಾವಿಗೆ ಕೂತಿತ್ತು. "ಮರಿ ಆದಮ್ಯಾಲ ಒಯ್ರಿ. ಈಗ ಎಬ್ಬಿಸಿದ್ರ ಪಾಪ ಹತ್ತತದ" ಅಂದ. ನಾನು ವಾರಕ್ಕೊಮ್ಮೆ ಹೋಗಿ ಕೋಳಿಯ ಯೋಗಕ್ಷೇಮ ವಿಚಾರಿಸಿ ಬರತೊಡಗಿದೆ. ಮನೆಯಲ್ಲಿ ಆಯಿ ಕೇಳುತ್ತಿದ್ದಳು, "ಗಾಡಿ ಎಲ್ಲಿತನ ಬಂತು?" "ತತ್ತಿ ಒಡಿಯೋತನ ಬಂದದ" ಅನ್ನುತ್ತಿದ್ದೆ. ಅವಳು ನನ್ನನ್ನು ನೋಡುತ್ತಿದ್ದ ರೀತಿಯನ್ನು ಬರೆಯಲು ಕಾಗದ ಒಪ್ಪುವುದಿಲ್ಲ.

ಕಡೆಗೆ ಕೋಳಿ ಮನೆ ಖಾಲಿ ಮಾಡಿತು. ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಶಹಾಪುರಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ನನಗೆ ಗೊತ್ತಿದ್ದ ಮಿಸ್ತ್ರಿಯ ಗ್ಯಾರೇಜಿತ್ತು. ಆ ಮನುಷ್ಯ ಕೆಲಸಕ್ಕಿಂತ ಕುರ್ಚಿಯನ್ನು ಹೆಚ್ಚು ಪ್ರೀತಿಸುವವನು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಕೂತ.

"ಇದನ್ನ ಯಾರಿಗರ ತೋರಿಸೀಯೇನು?"

"ನಿಮಗ ತೋರಸಾಕತ್ತೀನಲ್ರಿ."

"ಗಾಡಿ ಅಲ್ಲೋ, ನಿನ್ನ ತಲಿ. ಯಾರಿಗರ ತೋರಿಸೀಯೇನು?"

ಕಡೆಗೆ ಒಂದು ಮೂಲೆ ಮತ್ತು ಬೋಲ್ಟು ಬಿಚ್ಚುವ ಪಾನಾಗಳನ್ನು ಬಳಸಲು ಕೊಟ್ಟ. ಬಾಡಿಗೆ ಅಂತ ಇಲ್ಲ, ಅವನಿಗೆ ಆಗಾಗ ಚಹಾ ತರಿಸಬೇಕು, ಅವನ ಬೈಗುಳ ಕೇಳಬೇಕು. ಎರಡರಲ್ಲೂ ಸಕ್ಕರೆ ಹೆಚ್ಚಿರಬೇಕೆಂಬುದು ಅವನ ನಿಯಮ. ಬೈಗುಳದಲ್ಲಿ ಮಾತ್ರ ಅದನ್ನು ಪಾಲಿಸಲಿಲ್ಲ.

ನಾನು ಬಿ.ಕಾಂ. ಇಂಜಿನ್ ಬಿಚ್ಚುವುದು ನನಗೆ ಸರಾಗವಾಗಿ ಬಂತು. ಕೂಡಿಸುವಾಗ ಮಾತ್ರ ಬೋಲ್ಟುಗಳು ಉಳಿಯತೊಡಗಿದವು. ಕಂಪನಿಯವರು ಧಾರಾಳಿಗಳು, ಹೆಚ್ಚುವರಿ ಹಾಕಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಸಿಗದ ಭಾಗಗಳಿಗೆ ಯಾದಗಿರಿಯ ಗುಜರಿ ಅಂಗಡಿಗೆ ಅಲೆದೆ. ಒಂದು ಗೇರು ಚಕ್ರ ಎತ್ತಿ, ಇದು ಯಾವ ಗಾಡಿಯದು ಎಂದು ಕೇಳಿದರೆ ಅಂಗಡಿಯವನು, "ನಿನ್ನ ಗಾಡಿಗಿ ಕುಂತರ ನಿನ್ನ ಗಾಡೀದು. ಕುಂಡ್ರಲಿಲ್ಲಂದ್ರ ಬ್ಯಾರೆಯವರದು" ಅಂದ. ಸೈಲೆನ್ಸರಿನ ತೂತಿಗೆ ಎಣ್ಣೆ ಡಬ್ಬಿಯ ತಗಡು ಬಂತು. ಆಯಿಯ ಆಸನಕ್ಕೆ ಮದುವೆ ಮಂಟಪದವರು ಬಿಸಾಕಿದ ಸೋಫಾ ಬಂತು, ಕೆಂಪು ಮಖಮಲ್ಲು, ಬಂಗಾರದ ಬಣ್ಣದ ಕೈ. ಎಷ್ಟೋ ವರಗಳು ಬೆವರಿದ ಜಾಗ ಅದು.

ಮೊದಲ ಸಲ ಇಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆದಾಗ ಅದು ಒದರಿತು. ನಾನು ಕುಣಿದೆ. ಹೊಗೆ ಸೈಲೆನ್ಸರಿನಿಂದ ಬರುವ ಬದಲು ಗಾಳಿ ಎಳೆದುಕೊಳ್ಳುವ ಕಡೆಯಿಂದ ಬರುತ್ತಿತ್ತು. ಅದನ್ನು ನೋಡಿಯೂ ಕುಣಿದೆ. ಮೊದಲನೆಯ ಗೇರಿಗೆ ಹಾಕಿ ಬಿಟ್ಟೆ. ಗಾಡಿ ಮರ್ಯಾದೆಯಿಂದ ಹಿಂದಕ್ಕೆ ಹೋಗಿ ಮಿಸ್ತ್ರಿಯ ಕುರ್ಚಿಯನ್ನು ಮುರಿಯಿತು. ಪುಣ್ಯಕ್ಕೆ ಅವನು ಅಪರೂಪಕ್ಕೆ ಎದ್ದು ನಿಂತಿದ್ದ.

"ಇಂಜಿನ್ ಉಲ್ಟಾ ತಿರಗಾಕತ್ತದ" ಅಂದ, ಮುರಿದ ಕುರ್ಚಿಯ ಕಾಲು ಹಿಡಿದು. "ಒಂದು ಕೆಲಸ ಮಾಡು. ನಿಮ್ಮ ಆಯೀನ ಉಲ್ಟಾ ಕುಂಡ್ರಿಸು. ಸೀದಾ ಹೋದಂಗ ಅನಸ್ತದ."

ಹಗ್ಗವನ್ನು ಸರಿಯಾದ ದಿಕ್ಕಿಗೆ ಸುತ್ತಲು ಕಲಿತ ಮೇಲೆ ಗಾಡಿ ಮುಂದಕ್ಕೂ ಹೋಯಿತು. ಗುಂಡಿ ಗುಂಡಿ ಹಲ್ಲಿನ ದಪ್ಪ ಟೈರು ಹಾಕಿದೆ, ಮೊಬೈಲಿನಲ್ಲಿ ಇದ್ದಂತೆ. ಮುಂದಿನ ಗಾಲಿ ಎಷ್ಟು ಉಬ್ಬಿತೆಂದರೆ ಹಳೆಯ ಮಡ್‌ಗಾರ್ಡ್ ಕೂರಲಿಲ್ಲ. ಅದನ್ನು ಹೊಸದಾಗಿ ಮಾಡಿಸಲು ಸುರಪುರದ ತಗಡಿನ ಅಂಗಡಿಗೆ ಹೋದೆ. ನಾನು ಮಾಡಿದ ಕತ್ತೆಕೆಲಸಗಳಿಗೆಲ್ಲ ತಂದೆಯಂಥ ಕೆಲಸ ನಡೆದದ್ದು ಅಲ್ಲೇ.

ತಗಡಿನವನು ಅಳತೆ ತೆಗೆಯುತ್ತ ಕೇಳಿದ, "ಹೊಲಕ್ಕ ಹೋಗೂ ಗಾಡಿಯೇನು?"

ಎರೆ ಮಣ್ಣಿನ ಸೀಮೆಯಲ್ಲಿ ಹುಟ್ಟಿದ ಕೂಸೂ ಇದಕ್ಕೆ ಹೌದು ಅನ್ನುತ್ತದೆ. ಎರೆ ಹಸಿಯಾದರೆ ಗಾಲಿಗೆ ಅಂಟುತ್ತದೆ, ಅಂಟಿದ್ದರ ಮೇಲೆ ಅಂಟುತ್ತದೆ. ಅದಕ್ಕೇ ನಮ್ಮವರು ಹೊಲಕ್ಕೆ ಹೋಗುವ ಗಾಡಿಯ ಮಡ್‌ಗಾರ್ಡನ್ನು ಕಿತ್ತೇ ಬಿಡುತ್ತಾರೆ, ಇಲ್ಲವೇ ಕೈ ತೂರುವಷ್ಟು ಸಂದು ಬಿಟ್ಟು ಕಟ್ಟುತ್ತಾರೆ. ಆದರೆ ಆ ಗಳಿಗೆಗೆ ಸರಿಯಾಗಿ ನನ್ನ ಕಾಲೇಜಿನ ಇಬ್ಬರು ಹುಡುಗಿಯರು ಸ್ಕೂಟರ್ ನಿಲ್ಲಿಸಿ ಪಕ್ಕದ ಅಂಗಡಿಯಲ್ಲಿ ಏನೋ ಕೊಳ್ಳುತ್ತಿದ್ದರು. ನಾನು ಇಸ್ತ್ರಿ ಅಂಗಿ ತೊಟ್ಟಿದ್ದೆ.

"ಇಲ್ರಿ, ಸಿಟಿಯೊಳಗ" ಅಂದೆ, ಅವರಿಗೂ ಕೇಳುವಷ್ಟು ಜೋರಾಗಿ. ಯಾವ ಸಿಟಿ ಎಂದು ಪುಣ್ಯಾತ್ಮ ಕೇಳಲಿಲ್ಲ.

"ಹಂಗಾರ ಒತ್ತಿ ಕುಂಡ್ರಸ್ತೀನಿ, ಚಂದ ಕಾಣ್ತದ" ಅಂದ. ಟೈರಿಗೂ ತಗಡಿಗೂ ನಡುವೆ ಒಂದು ಬೆರಳು ತೂರಿದರೆ ಹೆಚ್ಚು, ಹಾಗೆ ಕೂರಿಸಿದ. ಮೇಲೆ ಕೆಂಪು ಬಣ್ಣ, ಅದರ ಮೇಲೆ ಹಳದಿ ಮಿಂಚು. ಹುಡುಗಿಯರು ಆಗಲೇ ಹೋಗಿದ್ದರು. ನನ್ನ ಕಡೆ ನೋಡಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ನೋಡಿರಲಾರರು.

ಹಬ್ಬದ ದಿನ ಮನೆಮಂದಿ ಟ್ರ್ಯಾಕ್ಟರಿನಲ್ಲಿ ಮುಂದೆ ಹೋದರು. ಚರಗದ ಬುಟ್ಟಿಯನ್ನು ಆಯಿ ಯಾರ ಕೈಗೂ ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಳು. ಅವಳು ಬೀಳಬಾರದೆಂದು ನಾನು ಅಪ್ಪನ ಧೋತರದಿಂದ ಕಟ್ಟಿದೆ. ಬುಟ್ಟಿ ನಮ್ಮ ಗಾಡಿಯಲ್ಲಿ, ಅಂದರೆ ಆಯಿ ಮುಟ್ಟುವ ತನಕ ಹೊಲದಲ್ಲಿ ಯಾರೂ ತುತ್ತು ಎತ್ತುವಂತಿಲ್ಲ.

ದಾರಿಯುದ್ದಕ್ಕೂ ಆಯಿಯ ಟೀಕೆ ನಡೆಯಿತು. "ಸೌಂಡ್ ಭಾಳ ಅದ, ಓಡಾಟ ಇಲ್ಲ. ಥೇಟ್ ನಿಮ್ಮ ಕಾಕಾ." ಸ್ವಲ್ಪ ದೂರ ಹೋದ ಮೇಲೆ, "ಆ ಹುಡುಗ ಸೈಕಲ್ ಮ್ಯಾಲ ನಮ್ಮನ್ನ ದಾಟಿ ಹೋದ ನೋಡು. ಅವನ್ನ ಕೇಳು, ನಮ್ಮನ್ನ ಕಟಗೊಂಡು ಎಳಿತಾನೇನು."

ಕಾಲುವೆ ದಾಟಿ ಹೊಲದ ದಾರಿಗೆ ಇಳಿದೆವು. ಮೇಲಿನ ಹೊಲದವರು ಭತ್ತಕ್ಕೆ ನೀರು ಬಿಟ್ಟಿದ್ದು ಒಡ್ಡು ಮೀರಿ ದಾರಿಯೆಲ್ಲ ಹಸಿಯಾಗಿತ್ತು. ಇದೇ ನನ್ನ ಮರಳಿನ ದಿಬ್ಬ ಎಂದುಕೊಂಡು ವೇಗ ಹೆಚ್ಚಿಸಿದೆ. ಹತ್ತು ಮಾರು ಹೋಗುವುದರೊಳಗೆ ಮುಂದಿನ ಗಾಲಿ ತಿರುಗುವುದು ನಿಂತಿತು. ಮಡ್‌ಗಾರ್ಡಿನ ತುಂಬ ಎರೆ ಗಿಡಿದು, ಗಾಲಿ, ತಗಡು, ಮಣ್ಣು ಎಲ್ಲ ಒಂದೇ ಗುಂಡಾಗಿದ್ದವು. ಹಿಂದಿನ ಗಾಲಿಗಳು ನೂಕುತ್ತಿದ್ದವು, ಮುಂದಿನದು ಕುಂಟೆಯಂತೆ ನೆಲ ಕೆರೆಯುತ್ತ ಸಾಗಿತು. ದೇವಾಪುರದಲ್ಲಿ ಟಂಟಂನಿಂದ ಹೊಲ ಹರಗಿದ ಮೊದಲನೆಯವನು ನಾನೇ ಇರಬೇಕು. ಆಮೇಲೆ ಅದೂ ನಿಂತಿತು.

ನಮ್ಮ ಹೊಲ ಕಣ್ಣೆದುರಿಗೇ ಇತ್ತು. ಬನ್ನಿ ಗಿಡದ ಕೆಳಗೆ ಮಂದಿ ಎದ್ದು ನಿಂತು ನಮ್ಮ ಕಡೆ ನೋಡುತ್ತಿದ್ದರು. ಆಯಿಗೆ ಮಾತ್ರ ಆ ಕೆಸರಿನಲ್ಲಿ ಒಂದು ಹೆಜ್ಜೆಯೂ ಸಾಧ್ಯವಿರಲಿಲ್ಲ. ನಾನು ಕೋಲು ತಂದು ಕೆರೆದೆ. ಒಂದು ಬೆರಳಿನ ಸಂದಿಯಲ್ಲಿ ಕೋಲು ಎಲ್ಲಿ ಹೋಗಬೇಕು. ಕಾಕಾ ಹಾರೆ ಹಿಡಿದು ಬಂದ, ಗಾಲಿಯನ್ನು ನೋಡಿದ, ನಗಲು ಒಡ್ಡಿನ ಮೇಲೆ ಕೂತ.

"ಯಾವ ಮಂಗ್ಯಾ ಮಾಡ್ಯಾನಲೇ ಇದನ್ನ? ಎರಿ ಹೊಲ ನೋಡಿಲ್ಲೇನ ಅಂವ?"

"ಅಂವ ಕೇಳಿದ್ದ" ಅಂದೆ. "ನಾನ ಸಿಟಿಯೊಳಗ ಓಡಸ್ತೀನಿ ಅಂದಿದ್ದೆ."

ಕಾಕಾ ನಗುವುದನ್ನು ನಿಲ್ಲಿಸಿದ. ಅದು ಇನ್ನೂ ಅವಮಾನ. ಆಯಿ ಬುಟ್ಟಿಯ ಮೇಲಿನ ಅರಿವೆ ಸರಿಸಿ ಒಳಗೆ ನೋಡಿದಳು, ಮತ್ತೆ ಮುಚ್ಚಿದಳು. ಹೊಲದ ಕಡೆ ನೋಡಿದಳು. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

"ಆ ಗಾಲಿ ಟೊಪಗಿ ತಗಿ" ಅಂದಳು ಕಡೆಗೆ.

"ಪಾನಾ ಮನ್ಯಾಗ ಉಳದಾವ ಆಯಿ." ಪಾನಾ ಡಬ್ಬಿ ಇಟ್ಟರೆ ಗಾಡಿಯ ಚಂದ ಕೆಡುತ್ತದೆ ಎಂದು ನಾನೇ ತೆಗೆದಿಟ್ಟಿದ್ದೆ.

"ಹಾರಿ ಅದಲ್ಲ."

"ಬಣ್ಣ..."

"ಬಣ್ಣಕ್ಕ ಚರಗ ಚೆಲ್ಲಲೇನು?"

ಹಾರೆ ತೂರಿಸಿ ಮೀಟಿದೆ. ಹಳದಿ ಮಿಂಚು ನಡುವಿಗೆ ಮಡಚಿಕೊಂಡಿತು. ತಗಡು ಕಿರುಚಿತು, ಬೋಲ್ಟುಗಳು ಹಾರಿದವು. ಉಳಿಯದೆ ಒಳಗೆ ಹೋಗಿದ್ದ ಕೆಲವೇ ಬೋಲ್ಟುಗಳು ಅವು. ಎರೆ ಕೆರೆದು ಹಗ್ಗ ಎಳೆದೆ, ಗಾಡಿ ಹೊರಟಿತು. ಈಗ ಗಾಲಿ ಎತ್ತಿದ ಕೆಸರೆಲ್ಲ ನೇರವಾಗಿ ನನ್ನ ಮುಖಕ್ಕೆ. ಬಾಯಿ ಮುಚ್ಚುವ ಅಭ್ಯಾಸ ನನಗಿಲ್ಲದ್ದರಿಂದ ಒಂದಿಷ್ಟು ಒಳಗೂ ಹೋಯಿತು. ಬೆನ್ನ ಹಿಂದೆ ಆಯಿ ಸೆರಗಿನಿಂದ ಬುಟ್ಟಿಯನ್ನು ಮುಚ್ಚಿ ಕೂತಿದ್ದಳು, ತನ್ನ ಮುಖವನ್ನಲ್ಲ.

ಬನ್ನಿ ಗಿಡದ ಹತ್ತಿರ ಮುಟ್ಟಿದಾಗ ಅವ್ವ ನನ್ನನ್ನು ಗುರುತಿಸಿದ್ದು ಹಲ್ಲಿನಿಂದ. ಧೋತರ ಬಿಚ್ಚಿದೆವು. ಆಯಿ ನನ್ನ ಹೆಗಲ ಮೇಲೆ ಭಾರವೆಲ್ಲ ಹಾಕಿ ಇಳಿದಳು, ಜೋಳದ ಸಾಲಿನ ತನಕ ನಡೆದಳು. ಮೊದಲನೆಯ ಹಿಡಿ ತೆಗೆದು ಕೈ ಎಷ್ಟು ಹೋಗುತ್ತದೋ ಅಷ್ಟು ಬೀಸಿ ಚೆಲ್ಲಿದಳು. ಬಹಳ ದೂರವೇನೂ ಬೀಳಲಿಲ್ಲ. ಅರ್ಧ ನನ್ನ ಮೇಲೇ ಬಿತ್ತು.

ಆಮೇಲೆ ಬುಟ್ಟಿಯನ್ನು ದೊಡ್ಡವ್ವನ ಕಡೆ ತಿರುಗಿಸಿದಳು. "ಹಿಡಿ. ಯಾವ ಕೈ ಬೇಕ ಆ ಕೈಲೆ ಚೆಲ್ಲು. ನನಗ ಸಾಕಾತು."

ದೊಡ್ಡವ್ವ ಒಂದು ಗಳಿಗೆ ನಿಂತು, ಎಡಗೈಯಿಂದಲೇ ಚೆಲ್ಲಿದಳು. ಜೋಳದ ನಾಲ್ಕು ಸಾಲು ದಾಟಿ ಬಿತ್ತು.

ಭಜ್ಜಿ ಬಿಸಿ ಮಾಡಲು ಮೂರು ಕಲ್ಲು ಹೂಡಿದಾಗ ಗಾಳಿ ಬೀಸುತ್ತಿತ್ತು. ಕಾಕಾ ನನ್ನ ಮಡ್‌ಗಾರ್ಡನ್ನು ಗಾಳಿಗೆ ಅಡ್ಡ ನಿಲ್ಲಿಸಿದ. ಬಣ್ಣ ಕರಗಿ ಭಜ್ಜಿಗೆ ಪೇಂಟಿನ ವಾಸನೆ ಹತ್ತಿತು. ಮನೆಮಂದಿಯೆಲ್ಲ ನನ್ನನ್ನು ಬೈಯುತ್ತಲೇ ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಹೊರಡುವ ಹೊತ್ತಿಗೆ ಪಕ್ಕದ ಹೊಲದ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಹೊಲಕ್ಕೆ ಬರುವಾಗ ಅವಳನ್ನು ಮಗ ಬೆನ್ನ ಮೇಲೆ ಹೊತ್ತು ತಂದಿದ್ದನಂತೆ. ಸೋಫಾದ ಮಖಮಲ್ಲನ್ನು ಮುಟ್ಟಿ ನೋಡಿ, "ಮುಂದಿನ ವರ್ಷ ನನ್ನೂ ಒಯ್ತಾನೇನವ್ವ ಈ ಹುಡುಗ?" ಎಂದು ಕೇಳಿದಳು.

"ಒಯ್ತಾನ ಬಾ. ಬರುವಾಗ ಒಂದು ಹಾರಿ, ಒಂದು ಜೋಡಿ ಅರಿವಿ, ಮೂರ ದಿನದ ಬುತ್ತಿ ತಗೊಂಡು ಬಾ" ಅಂದಳು ಆಯಿ, ಧೋತರವನ್ನು ತಾನೇ ಸೊಂಟಕ್ಕೆ ಬಿಗಿದುಕೊಳ್ಳುತ್ತ. "ಅಕಲ ಇಲ್ಲ ಅವಗ. ಖರೆ ಹುಡುಗ ನಮ್ಮಂವ."

ನಾನು ದಿಕ್ಕು ನೋಡದೆ ಹಗ್ಗ ಸುತ್ತಿ ಎಳೆದೆ. ಗಾಡಿ ಹಿಂದಕ್ಕೆ ಹೊರಟಿತು.