ಅಪ್ಪನ ಪ್ಯಾಂಟು

ಡ್ರಿಲ್ ಮೇಷ್ಟ್ರ ಮೈಮೇಲೆ ಚಿವುಟಲು ಮಾಂಸವಿಲ್ಲ. ತೀರಿಹೋದ ಅಪ್ಪನ ಪ್ಯಾಂಟು ಇವತ್ತಿಗೂ ಅವರಿಗೇ ಹೊಲಿಸಿದಂತೆ ಕೂರುತ್ತದೆ. "ನಮ್ಮದು ವಂಶದ ಮೈಕಟ್ಟು ಕಣ್ರೀ, ಸಕ್ಕರೆ ಕಾಯಿಲೆ ಹತ್ರ ಸುಳಿಯಲ್ಲ!" ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚುತ್ತಾರೆ. ದಪ್ಪಗಿರುವ ಹೆಂಡತಿ ಎರಡನೇ ಸಲ ಬಡಿಸಿಕೊಂಡರೆ ಅಡುಗೆಮನೆಯಲ್ಲೇ ವಿಷಲ್ ಊದುತ್ತಾರೆ. ಮೊನ್ನೆ ಆಕೆಯನ್ನು ಸಕ್ಕರೆ ಪರೀಕ್ಷೆಗೆ ಕರೆದೊಯ್ದು, ಸೂಜಿಗೆ ಹೆದರುವ ಆಕೆಗೆ ಧೈರ್ಯ ತುಂಬಲೆಂದು ತಾವೇ ಮೊದಲು ರಕ್ತ ಕೊಟ್ಟರು. ಆಕೆಗೆ ಏನೂ ಇರಲಿಲ್ಲ. ಸಕ್ಕರೆ ಕಾಯಿಲೆ ಇದ್ದದ್ದು ಮೇಷ್ಟ್ರಿಗೆ! "ಅದಲುಬದಲಾಗಿದೆ!" ಎಂದು ಕೂಗಾಡಿ ಮತ್ತೆ ಪರೀಕ್ಷೆ ಮಾಡಿಸಿದರೂ ಅದೇ ಉತ್ತರ. "ದಪ್ಪ ಇದ್ರೆ ಅಪಾಯ ಜಾಸ್ತಿ ನಿಜ, ಆದ್ರೆ ವಂಶದಲ್ಲಿದ್ರೆ ತೆಳ್ಳಗಿರೋರನ್ನೂ ಬಿಡಲ್ಲ. ನಿಮ್ಮ ತಂದೆಗಿತ್ತಾ?" ಎಂದರು ಡಾಕ್ಟರು. "ಛೇ, ಅಪ್ಪನಿಗೆಲ್ಲಿ? ಮೊಳೆ ಚುಚ್ಚಿದ ಗಾಯ ಮಾಯಲೇ ಇಲ್ಲ, ಕಾಲು ತೆಗೆದ್ರು, ಅಷ್ಟೇ..." ಎಂದ ಮೇಷ್ಟ್ರು, ತಮ್ಮ ಮಾತು ತಮಗೇ ಕೇಳಿಸಿ ದಂಗಾಗಿ, ಅಪ್ಪನ ಪ್ಯಾಂಟಿನೊಳಗಿದ್ದ ತಮ್ಮ ಮೊಣಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.