ಬಾಗಿಲು ತಟ್ಟಿದೆ ಅಂತ ಬರೀರಿ

ತೀರಿಕೊಂಡು ಬಹಳ ಕಾಲವಾಗಿದ್ದ ಒಬ್ಬ ದೊಡ್ಡ ಸಾಹಿತಿಯ ಬದುಕನ್ನು ಕಾದಂಬರಿ ಮಾಡುವ ಹುಚ್ಚು ನನಗೆ ಹಿಡಿದಿತ್ತು. ಅವರ ಎರಡು ವರ್ಷದ ಮಗು ಜ್ವರದಲ್ಲಿ ಹೋಯಿತೆಂದು ಬರೆದವರೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಆ ಮಗುವನ್ನು ನೋಡಿಕೊಳ್ಳುತ್ತಿದ್ದ ಫಿಲೋಮಿನಮ್ಮ ನಜರ್‌ಬಾದ್‌ನಲ್ಲಿ ಇನ್ನೂ ಇದ್ದಾರೆಂದು ಗೊತ್ತಾಗಿ, ಬಾಳೆಹಣ್ಣು ಹಿಡಿದುಕೊಂಡು ಹೋದೆ.

"ಯಜಮಾನ್ರು ಬರೀವಾಗ ಬಾಗ್ಲು ತಟ್ಟಬಾರ್ದು ಅಂತ ಕಟ್ಟಪ್ಪಣೆ ಕಣಪ್ಪ," ಎಂದರು ಆಕೆ. "ಅಮ್ಮಾವ್ರು ತವರಿಗೆ ಹೋಗಿದ್ರು. ಮಗೀಗೆ ಮೇಲುಸಿರು ಬಂತು. ಎತ್ಕೊಂಡು ಬಾಗ್ಲ ಮುಂದೆ ನಿಂತ್ಕೊಂಡೆ. ಈಗ ಬತ್ತಾರೆ, ಈಗ ಬತ್ತಾರೆ ಅಂತ ನಿಂತೇ ಇದ್ದೆ. ಅವ್ರು ಬಾಗ್ಲು ತೆಗೆಯೋ ಹೊತ್ಗೆ ಮಗು ತಣ್ಣಗಾಗ್ಬುಟ್ಟಿತ್ತು."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಕಾದಂಬ್ರಿ ಅಂದ್ರೆ ನಡೀದೇ ಇದ್ದಿದ್ದೂ ಬರೀಬೋದಾ?" ಎಂದು ಕೇಳಿದರು.

"ಬರೀಬಹುದಮ್ಮ."

"ಹಂಗಾದ್ರೆ ನಾನು ಬಾಗ್ಲು ತಟ್ಟಿದೆ ಅಂತ ಬರೀರಿ. ಜೋರಾಗಿ ತಟ್ಟಿದೆ ಅಂತ."

ಬರೆದೆ. ಆಕೆಯ ಕೈಲಿ ಬಾಗಿಲು ಬಡಿಸಿದೆ, ಕೂಗಿಸಿದೆ. ಇಡೀ ಪುಸ್ತಕದಲ್ಲಿ ನಾನು ಮೈಮರೆತು ಬರೆದ ಪುಟ ಅದೊಂದೇ.

ಪ್ರಕಾಶಕರು ಹಸ್ತಪ್ರತಿ ಓದಿ ವಾಪಸು ಕಳಿಸಿದರು. ಆ ಸಾಹಿತಿ ಆಡಿದರೆಂದು ನಾನೇ ಕಟ್ಟಿದ್ದ ದೊಡ್ಡ ದೊಡ್ಡ ಮಾತುಗಳಿಗೆ ಅವರ ತಕರಾರೇನೂ ಇರಲಿಲ್ಲ. ಆ ಒಂದು ಪುಟಕ್ಕೆ ಮಾತ್ರ ಅಡ್ಡಗೀಟು ಎಳೆದು, ಪಕ್ಕದಲ್ಲಿ ಬರೆದಿದ್ದರು: "ಆ ಕಾಲದಲ್ಲಿ ಕೆಲಸದವಳು ಹೀಗೆ ಬಾಗಿಲು ಬಡಿಯುತ್ತಿರಲಿಲ್ಲ. ನಂಬುವ ಹಾಗಿಲ್ಲ."

ಇತಿಹಾಸ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಏನು ಮಾಡೋಣ.